ಊರಿನ ಅನ್ನ, ಮಿತವಾದ ಬಾಳು

ಸಂಸಾರವಂದಿಗರನ್ನು ಆಗಾಗ ಕಾಡುವ ಪ್ರಶ್ನೆಯೊಂದುಂಟು. ತಿಂಗಳ ಮೊದಲಲ್ಲಿ ಸಾಕಷ್ಟಿದೆ ಎನಿಸಿದ ವರಮಾನವು ತಿಂಗಳ ಕೊನೆಗೆ ಎಲ್ಲಿ ಕರಗಿತು? ಹಿಂದಿನವರ ಮನೆಗಳಿಗಿಂತ ನಮ್ಮ ಮನೆಗಳಲ್ಲಿ ಸಾಮಾನು ಹೆಚ್ಚಾಗಿದೆ, ಕಪಾಟುಗಳು ತುಂಬಿವೆ, ಫ್ರಿಜ್ಜಿನಲ್ಲಿ ಒಂದು ಬಟ್ಟಲಿಡುವಷ್ಟು ಸ್ಥಳವಿಲ್ಲ. ಆದರೂ ‘ಇನ್ನೇನೋ ಬೇಕು’ ಎಂಬ ತಳಮಳ ಮಾತ್ರ ಶಮನವಾಗಿಲ್ಲ. ಇದರ ಕಾರಣವನ್ನು ಅರ್ಥಶಾಸ್ತ್ರದ ದೊಡ್ಡ ಗ್ರಂಥಗಳಲ್ಲಿ ಅರಸುವುದಕ್ಕೆ ಮೊದಲು, ನಮ್ಮ ಅಡಿಗೆಯ ಮನೆಯಲ್ಲಿಯೂ ನಾವು ಪೇಟೆಗೆ ಒಯ್ಯುವ ಕೈಚೀಲದಲ್ಲಿಯೂ ಹುಡುಕಿ ನೋಡುವುದು ಉಚಿತವೆಂದು ನಮಗೆ ತೋರುತ್ತದೆ.

ಬೆಂಗಳೂರಿನ ಹಳೆಯ ಬಡಾವಣೆಗಳ ನಿವಾಸಿಗಳಿಗೆ ಈ ವಿಚಾರವು ಹೊಸದಲ್ಲ. ಚಾಮರಾಜಪೇಟೆಯು 1892ರಲ್ಲಿ ಏರ್ಪಟ್ಟಿತು. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಹಾವಳಿಯ ಕಾಲದಲ್ಲಿ, ಇಕ್ಕಟ್ಟಾದ ಪೇಟೆಯಿಂದ ಜನರು ಹೊರಬಂದು ಗಾಳಿ ಬೆಳಕುಗಳಲ್ಲಿ ಬದುಕಲೆಂದು ಬೆಳೆದುವು. ಮನೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದು ತೆಂಗು, ಒಂದು ಕರಿಬೇವು, ಬಾವಿಯ ಬಳಿ ನಾಲ್ಕು ಬಾಳೆ, ಬೇಲಿಯ ಮೇಲೆ ಹಬ್ಬಿದ ಹೀರೆ, ಇವು ಅಂದಿನ ಸಾಮಾನ್ಯ ಗೃಹಸ್ಥನ ಐಶ್ವರ್ಯ. ಊರಿನ ಅಂಚು ದಾಟಿದರೆ ಹೊಲ. ಹೊಲಕ್ಕೂ ಒಲೆಗೂ ನಡುವೆ ಇದ್ದ ದೂರ ಒಂದು ಎತ್ತಿನ ಗಾಡಿಯ ಪ್ರಯಾಣದಷ್ಟು ಮಾತ್ರ.

ಆ ಸಾಮೀಪ್ಯದ ನೆನಪು ಇಂದಿಗೂ ವರ್ಷಕ್ಕೊಮ್ಮೆ ನಮ್ಮ ಕಣ್ಣೆದುರಿಗೆ ಬರುತ್ತದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಸೇರುವ ಕಡಲೆಕಾಯಿ ಪರಿಷೆಯನ್ನು ಅರಿಯದವರಾರು? ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಬೆಳೆದ ಕಾಯಿಯನ್ನು ರಾತ್ರಿ ಒಂದು ಬಸವ ಬಂದು ಮೇಯುತ್ತಿತ್ತೆಂದೂ, ರೈತರು ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುವುದಾಗಿ ಹರಸಿಕೊಂಡರೆಂದೂ ಐತಿಹ್ಯವಿದೆ. ಇಂದು ಆ ಹಳ್ಳಿಗಳು ಬೀದಿಗಳ ಹೆಸರಾಗಿ ಉಳಿದಿವೆ. ಅಲ್ಲಿ ಕಡಲೆಕಾಯಿಯ ಗಿಡವೊಂದೂ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ತುಮಕೂರುಗಳ ಕಡೆಯಿಂದಲೂ ನೆರೆರಾಜ್ಯಗಳಿಂದಲೂ ಮೂಟೆಗಳು ಬರುತ್ತವೆ. ಬೆಳೆ ಹೋಯಿತು, ಪರಿಷೆ ಉಳಿಯಿತು. ಆದರೆ ಪರಿಷೆಯು ಉಳಿದುದರಿಂದಲೇ, ಬೆಳೆದವನ ಕೈಯಿಂದ ತಿನ್ನುವವನ ಸೆರಗಿಗೆ ನೇರವಾಗಿ ಕಾಯಿ ಸುರಿಯುವ ಆ ಒಂದು ಸಂಬಂಧವೂ ಅಷ್ಟಿಷ್ಟು ಉಳಿದಿದೆ. ಈಚಿನ ವರ್ಷಗಳಲ್ಲಿ ‘ಪರಿಷೆಗೆ ಬರುವವರು ಕೈಚೀಲ ತನ್ನಿ’ ಎಂದು ಸಾರುತ್ತಿರುವುದೂ ಸಂತೋಷದ ಸಂಗತಿ.

ಊರಿನ ಆಹಾರವೆಂದರೆ ಪರದೇಶದಿಂದ ಬಂದುದನ್ನೆಲ್ಲ ಅಸ್ಪೃಶ್ಯವೆಂದು ದೂರವಿಡುವುದೆಂದು ವಾಚಕರು ಭಾವಿಸಬಾರದು. ಹಾಗೆ ಮಾಡಹೊರಟರೆ ಮೊದಲು ಎಲೆಯಿಂದ ಎದ್ದುಹೋಗಬೇಕಾದುದು ಆ ಕಡಲೆಕಾಯಿಯೇ. ಅದರ ತವರು ದಕ್ಷಿಣ ಅಮೆರಿಕ. ಅದರ ಹಿಂದೆಯೇ ಮೆಣಸಿನಕಾಯಿ, ಟೊಮೇಟೊ, ಆಲೂಗೆಡ್ಡೆಗಳೂ ಹೊರಡಬೇಕು. ಸೀಮೆಬದನೆಯನ್ನು ನಮ್ಮಲ್ಲಿ ಬೇರೂರಿಸಿದ ಕೀರ್ತಿ 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ನರಿಗೆ ಸಲ್ಲುತ್ತದೆ. ಆ ಕಾಯಿಗೆ ನೆರೆಯ ತಮಿಳರು ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ! ಆದಕಾರಣ ಪದಾರ್ಥದ ಕುಲಗೋತ್ರವನ್ನು ವಿಚಾರಿಸುವುದು ನಮ್ಮ ಉದ್ದೇಶವಲ್ಲ. ಅದು ಇಂದು ಯಾವ ನೆಲದಲ್ಲಿ, ಯಾವ ಋತುವಿನಲ್ಲಿ, ಯಾರ ಬೆವರಿನಿಂದ ಬೆಳೆಯಿತು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ಸೀಮೆಯ ಧಾನ್ಯಗಳಲ್ಲಿ ಅಗ್ರಪೂಜೆಗೆ ಅರ್ಹವಾದುದು ರಾಗಿ. ಕನಕದಾಸರು ತಮ್ಮ ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಗೆ ಶ್ರೀರಾಮನಿಂದಲೇ ಮನ್ನಣೆ ಕೊಡಿಸಿದ್ದಾರೆ. ಅದು ಕೇವಲ ಕವಿಕಲ್ಪನೆಯಲ್ಲ. ಹಗೇವುಗಳಲ್ಲಿ ವರ್ಷಗಟ್ಟಲೆ ರಾಗಿಯನ್ನು ತುಂಬಿಟ್ಟು ಬರಗಾಲವನ್ನು ದಾಟಿದ ರೈತರ ಅನುಭವವೂ ಅದೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದ ಸತ್ತ್ವವಿದ್ದರೆ, ಅಷ್ಟೇ ತೂಕದ ಪಾಲಿಷ್ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಮಿನ ಆಸುಪಾಸು. ಮಂಡ್ಯದ ಸಂಶೋಧನ ಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ಭಾರತದ ತಳಿಗಳನ್ನೂ ಆಫ್ರಿಕದ ತಳಿಗಳನ್ನೂ ಕೂಡಿಸಿ ‘ಇಂಡಾಫ್’ ರಾಗಿಯನ್ನು ಸೃಷ್ಟಿಸಿ ರೈತನ ಇಳುವರಿಯನ್ನು ಹೆಚ್ಚಿಸಿದರು. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಹೀಗಿರಲು, ಮನೆಯ ಪಕ್ಕದ ಗಿರಣಿಯಲ್ಲಿ ಹಿಟ್ಟಾಗಿ ದೊರೆಯುವ ಧಾನ್ಯವನ್ನು ಬಿಟ್ಟು, ಬಣ್ಣದ ಡಬ್ಬಿಯಲ್ಲಿ ಕಡಲು ದಾಟಿ ಬಂದುದಕ್ಕೆ ನಾಲ್ಕು ಪಾಲು ಹಣ ತೆತ್ತು ‘ಆರೋಗ್ಯ’ವನ್ನು ಕೊಳ್ಳುವುದು ವಿವೇಕವೆ?

ಊರಿನ ಆಹಾರದೊಡನೆ ಋತುವಿನ ವಿಚಾರವೂ ಸೇರಿಕೊಂಡಿದೆ. ವಾಗ್ಭಟನ ‘ಅಷ್ಟಾಂಗಹೃದಯ’ದಲ್ಲಿ ಋತುಚರ್ಯೆಗೆಂದೇ ಒಂದು ಅಧ್ಯಾಯವಿದೆ. ನಮ್ಮ ಹಿರಿಯರು ಆ ಅಧ್ಯಾಯವನ್ನು ಓದದೆಯೇ ಆಚರಿಸಿದರು. ಧನುರ್ಮಾಸದ ಚಳಿಯಲ್ಲಿ ಮಾಗಡಿಯ ಸೊಗಡಿನ ಅವರೆ, ಬೇಸಗೆಯಲ್ಲಿ ಶ್ರೀನಿವಾಸಪುರ, ರಾಮನಗರಗಳ ಮಾವು, ಮಳೆಗಾಲದ ಮೊದಲಿಗೆ ದೊಡ್ಡಬಳ್ಳಾಪುರದ ತೂಬುಗೆರೆಯ ಹಲಸು, ಅದರ ಬೆನ್ನಿಗೆ ನೇರಳೆ, ಶರತ್ತಿನಲ್ಲಿ ಸೀತಾಫಲ. ನಡುನಡುವೆ ದಂಟು, ಕೀರೆ, ಸಬ್ಬಸಿಗೆ, ಹೊನಗೊನ್ನೆ ಸೊಪ್ಪುಗಳಿಂದ ಮಸ್ಸೊಪ್ಪು, ಬಸ್ಸಾರು. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದಲ್ಲಿ ಅನೇಕ ವರ್ಷ ನಡೆದು ಈಚೆಗೆ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಬಂದ ಅವರೆಬೇಳೆ ಮೇಳಕ್ಕೆ ಜನ ಮುಗಿಬೀಳುವುದೇಕೆ? ವರ್ಷದ ಹತ್ತು ತಿಂಗಳು ಅದು ಸಿಗದೆ ಇದ್ದುದರಿಂದ. ಎಲ್ಲವೂ ಎಂದೆಂದಿಗೂ ಸಿಗುವಂತಾದರೆ ನಾಲಗೆಗೆ ಹಬ್ಬವೆಂಬುದೇ ಇಲ್ಲವಾಗುತ್ತದೆ. ಕಾಯುವುದು ರುಚಿಯ ಅರ್ಧಭಾಗ. ಋತುವಿನ ಪದಾರ್ಥವು ಪೇಟೆಯಲ್ಲಿ ಹೇರಳವಾಗಿರುವುದರಿಂದ ಬೆಲೆಯೂ ಇಳಿದಿರುತ್ತದೆ ಎಂಬುದು ಇದರ ಮೇಲಿನ ಲಾಭ.

ಇನ್ನು ಬೆಳೆಯುವವನ ಪಾಲು. ತರಕಾರಿಯು ಹೊಲದಿಂದ ನಮ್ಮ ಮನೆಗೆ ಬರುವಷ್ಟರಲ್ಲಿ ಎಷ್ಟೋ ಕೈ ದಾಟುತ್ತದೆ; ಪ್ರತಿಯೊಂದು ಕೈಯೂ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಇದನ್ನು ತಪ್ಪಿಸಲೆಂದೇ 1959ರಲ್ಲಿ ಡಾ|| ಎಂ. ಎಚ್. ಮರಿಗೌಡರ ಪ್ರೇರಣೆಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಬೆಂಗಳೂರಿನಲ್ಲಿ ಆರಂಭವಾಯಿತು. ಅದೇ ಮುಂದೆ ಬೆಳೆದು ನಾವೆಲ್ಲರೂ ಬಲ್ಲ ‘ಹಾಪ್‌ಕಾಮ್ಸ್’ ಆಯಿತು. ಬೀದಿಯ ತಿರುವಿನ ಆ ಮಳಿಗೆಯಲ್ಲಿ ಹಣ್ಣು ಕೊಳ್ಳುವಾಗಲೂ, ಗಾಂಧಿಬಜಾರಿನಲ್ಲಿಯೋ ಮಲ್ಲೇಶ್ವರದ 8ನೆಯ ಅಡ್ಡರಸ್ತೆಯಲ್ಲಿಯೋ ಸೊಪ್ಪಿನ ಅಜ್ಜಿಯ ಮುಂದೆ ಬಗ್ಗಿ ಕಂತೆಯನ್ನು ಆರಿಸುವಾಗಲೂ, ನಾವು ಕೊಡುವ ಹಣ ಎಲ್ಲಿಗೆ ಹೋಗುವುದೆಂಬುದರ ಅರಿವು ಒಂದಿಷ್ಟಾದರೂ ನಮಗಿರುತ್ತದೆ. ಸುತ್ತಣ ರೈತನಿಗೆ ಹೊಲದಿಂದ ಅನ್ನ ಹುಟ್ಟದಿದ್ದರೆ ಅವನು ಹೊಲವನ್ನು ನಿವೇಶನವಾಗಿ ಮಾರಿ ಹೊರಡುತ್ತಾನೆ. ಆಮೇಲೆ ನಮ್ಮ ಮೊಮ್ಮಕ್ಕಳಿಗೆ ಊರಿನ ಅನ್ನವೆಂಬ ಮಾತೇ ಅರ್ಥವಾಗದು. ಮಾವಳ್ಳಿ, ಸುಂಕೇನಹಳ್ಳಿಗಳ ಕಥೆ ಮಾಗಡಿ, ದೇವನಹಳ್ಳಿಗಳ ಕಥೆಯೂ ಆಗಬೇಕೆ ಎಂಬುದು ನಾವು ದಿನದಿನವೂ ಕೈಚೀಲ ಹಿಡಿದು ಉತ್ತರಿಸುತ್ತಿರುವ ಪ್ರಶ್ನೆ.

ಸತ್ಯಕ್ಕೆ ಅನುಸಾರವಾಗಿ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹತ್ತಿರದಿಂದ ಬಂದುದೆಂಬ ಒಂದೇ ಕಾರಣಕ್ಕೆ ಪದಾರ್ಥವು ಪ್ರಕೃತಿಗೆ ಹಿತವಾಗುವುದಿಲ್ಲ. ಬಹುಪಾಲು ಆಹಾರದಲ್ಲಿ ಸಾಗಾಟಕ್ಕಿಂತ ಬೆಳೆಯುವ ಕ್ರಮಕ್ಕೇ ಹೆಚ್ಚು ಇಂಧನ, ನೀರು, ಗೊಬ್ಬರಗಳು ವ್ಯಯವಾಗುತ್ತವೆಂದು ಬಲ್ಲವರು ತೋರಿಸಿಕೊಟ್ಟಿದ್ದಾರೆ. ಅದಕ್ಕಿಂತಲೂ ದೊಡ್ಡ ದೋಷ ಚೆಲ್ಲುವುದು. ವಿಶ್ವಸಂಸ್ಥೆಯ ಪರಿಸರ ವಿಭಾಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನ ಅಂಗಡಿ, ಹೋಟೆಲು, ಮನೆಗಳಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್ನು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ವ್ಯರ್ಥವಾದುದು ಗೃಹಸ್ಥರ ಮನೆಗಳಲ್ಲಿ. ಆದಕಾರಣ ಹತ್ತಿರದಿಂದ ಕೊಳ್ಳುವುದರ ಜೊತೆಗೆ ಹದವರಿತು ಕೊಳ್ಳುವುದೂ ನಡೆದಾಗಲೇ ವ್ರತ ಪೂರ್ಣವಾಗುತ್ತದೆ.

ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ನಮ್ಮ ನಗರದಲ್ಲಿ ಕಹಿಯಾದ ಉತ್ತರವಿದೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಂಡೂರು ಎಂಬ ಹಳ್ಳಿಯ ಬಳಿ ರಾಶಿ ಹಾಕಲಾಯಿತು. ಅಲ್ಲಿಯ ಜನ ದುರ್ಗಂಧ, ನೊಣ, ಕೆಟ್ಟ ನೀರುಗಳಿಂದ ಬೇಸತ್ತು ಮತ್ತೆ ಮತ್ತೆ ಬೀದಿಗಿಳಿದರು. 2014ರ ಕೊನೆಯಲ್ಲಿ ಅಲ್ಲಿಗೆ ಲಾರಿಗಳು ಹೋಗುವುದು ನಿಂತಿತು. ಆದರೆ ಲಾರಿಗಳು ನಿಲ್ಲಲಿಲ್ಲ, ಬೇರೆ ಹಳ್ಳಿಗಳ ಕಡೆಗೆ ತಿರುಗಿದುವು. ನಾವು ಅನಾವಶ್ಯಕವಾಗಿ ಕೊಂಡ ಪ್ರತಿಯೊಂದು ವಸ್ತುವೂ ಒಂದಲ್ಲ ಒಂದು ದಿನ ಯಾರದೋ ಬಾವಿಯ ಪಕ್ಕದಲ್ಲಿ ಹೋಗಿ ಬೀಳುತ್ತದೆ. ಮಿತವ್ಯಯವು ಕೃಪಣರ ಗುಣವಲ್ಲ, ನೆರೆಯವರ ಮೇಲಿನ ದಯೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಪತಂಜಲಿಯ ಯೋಗಸೂತ್ರಗಳಲ್ಲಿ ಅಹಿಂಸೆ, ಸತ್ಯಗಳ ಸಾಲಿನಲ್ಲಿಯೇ ‘ಅಪರಿಗ್ರಹ’ವನ್ನು ಎಣಿಸಲಾಗಿದೆ, ಬೇಡದುದನ್ನು ಕೂಡಿಡದಿರುವುದೆಂದು ಅದರ ಸರಳವಾದ ಅರ್ಥ. ಇಂದು ಈ ವ್ರತಕ್ಕೆ ಬಂದಿರುವ ವಿಘ್ನ ಅಂಗೈಯಷ್ಟು ಗಾತ್ರದ್ದು. ಮೊಬೈಲಿನ ಮೇಲೆ ಬೆರಳಾಡಿಸಿದರೆ ಹತ್ತು ನಿಮಿಷದಲ್ಲಿ ಸಾಮಾನು ಬಾಗಿಲಿಗೆ ಬರುತ್ತದೆ. ನಡೆದು ಹೋಗಬೇಕಾಗಿದ್ದಾಗ ಕಾಲು ‘ಇದು ಬೇಕೆ?’ ಎಂದು ಕೇಳುತ್ತಿತ್ತು. ಹೊತ್ತು ತರಬೇಕಾಗಿದ್ದಾಗ ಭುಜ ‘ಇಷ್ಟು ಬೇಕೆ?’ ಎಂದು ಕೇಳುತ್ತಿತ್ತು. ಈಗ ಕೇಳುವವರೇ ಇಲ್ಲ. ಆದುದರಿಂದ ಆ ಎರಡು ಪ್ರಶ್ನೆಗಳನ್ನು ಮನಸ್ಸೇ ಕೇಳಿಕೊಳ್ಳಬೇಕು. ಮುರಿದುದನ್ನು ಎಸೆಯುವ ಮೊದಲು ದುರಸ್ತಿಗೆ ಯತ್ನಿಸಬೇಕು. 2009ರಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಹುಟ್ಟಿದ ‘ರಿಪೇರಿ ಕೆಫೆ’ ಎಂಬ ಸತ್ಸಂಪ್ರದಾಯವು 2015ರಲ್ಲಿ ಬೆಂಗಳೂರಿಗೂ ಬಂದು, ಬಲ್ಲವರು ಅರಿಯದವರಿಗೆ ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಸರಿಪಡಿಸುವುದನ್ನು ಕಲಿಸಿಕೊಡುತ್ತಿದ್ದಾರೆ. ಗವಿಪುರದ ಕಡೆ ‘ಅದಮ್ಯ ಚೇತನ’ ಸಂಸ್ಥೆಯವರು ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಎರವಲು ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸಿದ್ದಾರೆ. ಮದುವೆಯ ಮನೆಗೆ ಕೇರಿಯ ಕೊಳಗ, ಕಡಾಯಿಗಳು ಸುತ್ತಿ ಬರುತ್ತಿದ್ದ ಪದ್ಧತಿಯ ಹೊಸ ರೂಪವೇ ಇದು.

ಇಷ್ಟನ್ನು ಓದಿದ ಸೋದರಿಯೊಬ್ಬರು, “ಮೇಷ್ಟ್ರೇ, ಎಲ್ಲವೂ ಸರಿ. ಅವರೆಕಾಯಿ ಸುಲಿದು ಹಿಸುಕುವವರು ಯಾರು? ಸೊಪ್ಪು ಬಿಡಿಸುವವರು ಯಾರು? ನಾನೂ ಬೆಳಗ್ಗೆ ಎದ್ದು ಕಛೇರಿಗೆ ಹೋಗಬೇಕಲ್ಲ?” ಎಂದು ಕೇಳಬಹುದು. ಆಕ್ಷೇಪವು ನ್ಯಾಯವಾದುದು. ಸರಳ ಜೀವನದ ಕೀರ್ತಿಯು ಗಂಡಸಿಗೆ, ಅದರ ಶ್ರಮವು ಹೆಂಗಸಿಗೆ ಎಂದಾದರೆ ಅಂಥ ಸರಳತೆಯು ಆತ್ಮವಂಚನೆಯೇ ಸರಿ. ಸಂಜೆ ಮನೆಯ ಗಂಡಸರೂ ಮಕ್ಕಳೂ ಮೊರದ ಸುತ್ತ ಕುಳಿತು ಕಾಯಿ ಸುಲಿಯಲಿ. ಪೇಟೆಗೆ ಹೋಗುವ ಕೆಲಸ ಹುಡುಗನ ಪಾಲಿಗಿರಲಿ. ನಿವೃತ್ತರಾದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗವಿಲ್ಲ. ಹಾಗೆಯೇ, ಎರಡು ಹೊತ್ತಿನ ಊಟಕ್ಕೇ ಪರದಾಡುವವನ ಮುಂದೆ ಮಿತವ್ಯಯದ ಉಪದೇಶ ಮಾಡುವುದೂ ಸಲ್ಲದು. ಈ ಮಾತು ಅಗತ್ಯಕ್ಕಿಂತ ಹೆಚ್ಚಾಗಿ ಉಳ್ಳವರಿಗೆ ಮಾತ್ರ.

ಕಡೆಯದಾಗಿ, ನಮ್ಮ ಮನೆಯಲ್ಲಿ ನಡೆದು ಬಂದಿರುವ ಒಂದು ಸುಲಭವಾದ ಕ್ರಮವನ್ನು ವಾಚಕರ ಮುಂದಿಡುತ್ತೇವೆ. ದಿನಸಿ ಲೆಕ್ಕದ ಪುಸ್ತಕದಲ್ಲಿ ಬೆಲೆಯ ಪಕ್ಕದಲ್ಲಿ ಇನ್ನೆರಡು ಕಲಮುಗಳನ್ನು ಹಾಕಿದ್ದೇವೆ. ಒಂದರಲ್ಲಿ ಪದಾರ್ಥ ಬಂದ ಊರನ್ನು ಬರೆಯುತ್ತೇವೆ. ತಿಳಿಯದಿದ್ದರೆ ಅಂಗಡಿಯವರನ್ನು ಕೇಳುತ್ತೇವೆ. ಇನ್ನೊಂದರಲ್ಲಿ, ತಂದುದರಲ್ಲಿ ಕೆಟ್ಟು ಹೋದುದೆಷ್ಟು ಎಂಬುದನ್ನು ಬರೆಯುತ್ತೇವೆ. ಯಾರಿಗೂ ಗದರಿಕೆಯಿಲ್ಲ, ದಂಡವಿಲ್ಲ. ಬರೆದುದನ್ನು ತಿಂಗಳ ಕೊನೆಗೆ ಎಲ್ಲರೂ ಕುಳಿತು ಓದುತ್ತೇವೆ, ಅಷ್ಟೇ. ಆ ಎರಡು ಕಲಮುಗಳು ಎಷ್ಟೋ ಖರೀದಿಗಳನ್ನು ತಾವಾಗಿಯೇ ತಡೆದಿವೆ. ಭೂಪಟದಲ್ಲಿ ತೂಬುಗೆರೆ ಎಲ್ಲಿದೆಯೆಂಬುದನ್ನು ಮೊಮ್ಮಕ್ಕಳಿಗೆ ಕಲಿಸಿವೆ. ಬರುವ ತಿಂಗಳ ಮೊದಲನೆಯ ತಾರೀಖಿನಿಂದ ವಾಚಕರ ಮನೆಗಳಲ್ಲಿಯೂ ಈ ಎರಡು ಗೆರೆಗಳು ಬೀಳಲೆಂದು ಹಾರೈಸುತ್ತೇವೆ.