ಗೇಮಿಂಗ್ ಲ್ಯಾಪ್‌ಟಾಪುಗಳ ಅತಿತಾಪ: ಕಾರಣ, ನಿವಾರಣೆ, ದುರಸ್ತಿ

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಯಂತ್ರವೊಂದರ ಉಷ್ಣಬಾಧೆಯನ್ನು ಕುರಿತ ಲೇಖನಕ್ಕೆ ಎಡೆಯುಂಟೆ ಎಂದು ಓದುಗರು ಕೇಳಬಹುದು. ಉಂಟೆನ್ನಲು ಕಾರಣವಿದೆ. ಶಿಲಾಶಾಸನ, ವೀರಗಲ್ಲು, ದೇವಾಲಯದ ಕಂಬ ಮೊದಲಾದವುಗಳನ್ನು ನಾನಾ ಕೋನಗಳಿಂದ ನೂರಾರು ಛಾಯಾಚಿತ್ರಗಳಲ್ಲಿ ತೆಗೆದುಕೊಂಡು, ಆ ಚಿತ್ರಗಳ ನೆರವಿನಿಂದ ಮೂಲವಸ್ತುವಿನ ಉದ್ದ, ಅಗಲ, ಆಳಗಳೆಲ್ಲವೂ ತೋರುವ ಪ್ರತಿರೂಪವನ್ನು ಗಣಕಯಂತ್ರದಲ್ಲಿ ನಿರ್ಮಿಸುವ ಕ್ರಮವು ಈಗ ಶಾಸನಾಧ್ಯಯನದಲ್ಲಿ ಬಳಕೆಗೆ ಬಂದಿದೆ. ಈ ಕಾರ್ಯಕ್ಕೆ ಬಲವಾದ ಗ್ರಾಫಿಕ್ಸ್ ಚಿಪ್ ಅವಶ್ಯಕ. ಅಂತಹ ಚಿಪ್ ಇರುವ ಯಂತ್ರಗಳಲ್ಲಿ ಕ್ಷೇತ್ರಕಾರ್ಯಕ್ಕೆ ಕೊಂಡೊಯ್ಯಲು ಅನುಕೂಲವಾದುದೂ, ಕಾಲೇಜುಗಳ ಕೈಗೆ ಎಟುಕುವ ಬೆಲೆಯದೂ ಎಂದರೆ ಆಟಗಳಿಗಾಗಿ ತಯಾರಾದ ಗೇಮಿಂಗ್ ಲ್ಯಾಪ್‌ಟಾಪು. ವಿದ್ಯಾರ್ಥಿಗಳಲ್ಲಿ ಅನೇಕರು ಇದನ್ನೇ ಆಟಕ್ಕೂ ಪಾಠಕ್ಕೂ ಬಳಸುತ್ತಾರೆ. ಆಟವಾಗಲಿ, ಶಾಸನದ ಪ್ರತಿರೂಪವಾಗಲಿ, ಯಂತ್ರದ ಮೇಲೆ ಬೀಳುವ ಹೊರೆ ಒಂದೇ ಬಗೆಯದು. ಅದರಿಂದ ಹುಟ್ಟುವ ಶಾಖವೂ ಅಂತೆಯೇ.

ಆರೇಳು ಗಂಟೆಗಳ ಲೆಕ್ಕಾಚಾರವು ಮುಗಿಯುವ ಹೊತ್ತಿಗೆ ಯಂತ್ರವು ಕಾದು ತಾನಾಗಿ ಆರಿಹೋದರೆ ಒಂದು ದಿನದ ದುಡಿಮೆ ವ್ಯರ್ಥವಾಗುತ್ತದೆ. ಯಂತ್ರವೇ ಎರಡು ಮೂರು ವರ್ಷಗಳಲ್ಲಿ ‘ಹಳತಾಯಿತು’ ಎನಿಸಿಕೊಂಡು ಮೂಲೆ ಸೇರಿದರೆ, ಅಂತಹ ಇನ್ನೊಂದಕ್ಕೆ ಹಣ ದೊರೆಯುವುದು ಸುಲಭವಲ್ಲ. ಹೀಗೆ ಮೂಲೆಗೆ ಬೀಳುವ ಯಂತ್ರಗಳಲ್ಲಿ ಕೆಲವಕ್ಕೆ ಬೇಕಾಗಿರುವುದು ಒಂದು ಕುಂಚವೂ ಚಿಟಿಕೆಯಷ್ಟು ಪೇಸ್ಟೂ ಮಾತ್ರ. ಶಾಖವು ಹುಟ್ಟದಂತೆ ಮಾಡುವ ಉಪಾಯ ಯಾರಲ್ಲಿಯೂ ಇಲ್ಲ; ಹುಟ್ಟಿದ ಶಾಖವನ್ನು ಹೊರಗಿನ ಗಾಳಿಗೆ ಸಾಗಿಸುವ ಉಪಾಯ ಮಾತ್ರ ಉಂಟು. ಆ ಹಾದಿಯ ಯಾವ ಘಟ್ಟದಲ್ಲಿ ತಡೆಯೊದಗಿದೆ ಎಂಬುದನ್ನು ಅರಿಯದೆ ಮಾಡುವ ಚಿಕಿತ್ಸೆ ನಿಷ್ಫಲವೆಂಬುದೇ ಈ ಲೇಖನದ ಮುಖ್ಯ ಅಭಿಪ್ರಾಯ.

೧. ಶಾಖವು ಹುಟ್ಟುವ ಬಗೆ

ಗಣಕಯಂತ್ರಕ್ಕೆ ಒದಗಿಸಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ಣವಾಗಿ ಶಾಖರೂಪದಲ್ಲಿಯೇ ಹೊರಬೀಳುತ್ತದೆ. ಈ ತೊಡಕು ಗಣಕಯಂತ್ರದಷ್ಟೇ ಹಳೆಯದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ೧೯೪೬ರಲ್ಲಿ ಲೋಕಕ್ಕೆ ತೋರಿಸಲ್ಪಟ್ಟ ‘ಎನಿಯಾಕ್’ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತನಳಿಕೆಗಳಿದ್ದುವು. ಅದು ಸುಮಾರು ೧೫೦ ಕಿಲೋವಾಟ್ ವಿದ್ಯುತ್ತನ್ನು ಬಳಸುತ್ತಿತ್ತು. ಅದರ ಕಪಾಟುಗಳ ಮೂಲಕ ಗಾಳಿಯನ್ನು ನೂಕುವ ಏರ್ಪಾಡನ್ನೂ ಪ್ರತ್ಯೇಕವಾಗಿ ಮಾಡಬೇಕಾಯಿತು.

ಟ್ರಾನ್ಸಿಸ್ಟರುಗಳು ಬಂದ ಮೇಲೆ ಕೆಲಕಾಲ ಈ ಬಾಧೆ ತಗ್ಗಿದಂತೆ ತೋರಿತು. ಟ್ರಾನ್ಸಿಸ್ಟರು ಕಿರಿದಾದಂತೆಲ್ಲ ಅದಕ್ಕೆ ಬೇಕಾಗುವ ವಿದ್ಯುತ್ತೂ ಅದೇ ಪ್ರಮಾಣದಲ್ಲಿ ಇಳಿಯುವುದೆಂದು ಐಬಿಎಮ್ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ೧೯೭೪ರಲ್ಲಿ ವಿವರಿಸಿದರು. ಸುಮಾರು ಮೂವತ್ತು ವರ್ಷ ಈ ನಿಯಮವು ನಡೆದುಬಂದಿತು. ಆದರೆ ಟ್ರಾನ್ಸಿಸ್ಟರು ತೀರ ಸಣ್ಣದಾದಾಗ ಅದು ಆರಿರುವ ಸ್ಥಿತಿಯಲ್ಲಿಯೂ ವಿದ್ಯುತ್ತು ಸೋರತೊಡಗಿ, ವೋಲ್ಟೇಜನ್ನು ಇನ್ನಷ್ಟು ಇಳಿಸುವುದು ಕಷ್ಟವಾಯಿತು. ಇಂಟೆಲ್ ಸಂಸ್ಥೆಯು ೨೦೦೪ರಲ್ಲಿ, ವೇಗವನ್ನೇ ಗುರಿಯಾಗಿಟ್ಟುಕೊಂಡಿದ್ದ ‘ತೇಜಸ್’ ಎಂಬ ತನ್ನ ಯೋಜನೆಯನ್ನು ಕೈಬಿಟ್ಟು, ಒಂದೇ ಚಿಪ್‌ನಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಕಾರಕಗಳನ್ನು ಕೂಡಿಸುವ ಹಾದಿ ಹಿಡಿಯಿತು. ಶಾಖವು ವೇಗಕ್ಕೆ ಗಡಿ ಹಾಕಿದ ಪ್ರಸಂಗವಿದು.

ಇಂದಿನ ಸಾಧಾರಣ ಲ್ಯಾಪ್‌ಟಾಪಿನ ಪ್ರೊಸೆಸರು ಸುಮಾರು ೧೫ ವಾಟ್ ಬಳಸಿದರೆ, ಗೇಮಿಂಗ್ ಲ್ಯಾಪ್‌ಟಾಪಿನದು ೪೫ ವಾಟ್ ಅಥವಾ ಅದಕ್ಕೂ ಹೆಚ್ಚು ಬಳಸುತ್ತದೆ. ಗ್ರಾಫಿಕ್ಸ್ ಚಿಪ್ ಬೇರೆ ೧೦೦ ವಾಟ್ ಮೀರಬಲ್ಲುದು. ಎರಡೂ ಪೂರ್ಣಬಲದಿಂದ ದುಡಿಯುವಾಗ ೧೫೦ರಿಂದ ೨೦೦ ವಾಟ್‌ಗಳಷ್ಟು ಶಾಖ ಹುಟ್ಟುವುದುಂಟು. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ನೂರು ವಾಟಿನ ಎರಡು ಬುರುಡೆದೀಪಗಳನ್ನು ಎರಡೂವರೆ ಸೆಂಟಿಮೀಟರ್ ದಪ್ಪದ ಪೆಟ್ಟಿಗೆಯೊಳಗೆ ಹೊತ್ತಿಸಿಟ್ಟಂತೆ ಇದು.

೨. ಶಾಖವು ಸಾಗುವ ಹಾದಿ

ಈ ಹಾದಿಯಲ್ಲಿ ಐದು ಘಟ್ಟಗಳಿವೆ. ಮೊದಲನೆಯದು ಚಿಪ್‌ನ ಮೇಲ್ಮೈಗೂ ಅದರ ಮೇಲೆ ಕುಳಿತ ತಾಮ್ರದ ಫಲಕಕ್ಕೂ ನಡುವಿನ ಸಂದು. ಬರಿಗಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆಯೂ ಸೂಕ್ಷ್ಮವಾದ ಗಾಳಿಯ ಕುಳಿಗಳಿರುತ್ತವೆ. ತಾಮ್ರದ ಉಷ್ಣವಾಹಕತೆಯ ಮಾನವು ಸುಮಾರು ೪೦೦ ಆದರೆ ಗಾಳಿಯದು ೦.೦೨೬ ಮಾತ್ರ. ಈ ಕುಳಿಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ಹಚ್ಚಿರುತ್ತಾರೆ. ಅದರ ವಾಹಕತೆಯು ತಾಮ್ರಕ್ಕಿಂತ ಬಹಳ ಕಡಿಮೆಯಾದರೂ ಗಾಳಿಗಿಂತ ನೂರು ಪಾಲಿಗೂ ಹೆಚ್ಚು.

ಎರಡನೆಯದು ಹೀಟ್ ಪೈಪ್. ಇದು ಗಟ್ಟಿ ತಾಮ್ರದ ಸರಳಲ್ಲ. ಒಳಗೆ ಅಲ್ಪ ದ್ರವವನ್ನಿಟ್ಟು ಮುಚ್ಚಿದ ಟೊಳ್ಳು ನಳಿಕೆ. ಬಿಸಿಯಾದ ತುದಿಯಲ್ಲಿ ದ್ರವವು ಆವಿಯಾಗಿ, ತಣ್ಣನೆಯ ತುದಿಗೆ ಹರಿದು ಅಲ್ಲಿ ಶಾಖವನ್ನು ಬಿಟ್ಟು ಮತ್ತೆ ದ್ರವವಾಗುತ್ತದೆ. ದೀಪದ ಬತ್ತಿಯು ಎಣ್ಣೆಯನ್ನು ಎಳೆಯುವಂತೆ ನಳಿಕೆಯ ಒಳಪದರವು ಆ ದ್ರವವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಈ ಕಲ್ಪನೆಗೆ ಜನರಲ್ ಮೋಟರ್ಸ್ ಸಂಸ್ಥೆಯ ಆರ್. ಎಸ್. ಗಾಗ್ಲರ್ ಎಂಬುವರಿಗೆ ೧೯೪೪ರಲ್ಲಿ ಪೇಟೆಂಟ್ ದೊರೆತರೂ ಅದು ಬಳಕೆಗೆ ಬರಲಿಲ್ಲ. ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ೧೯೬೩ರಲ್ಲಿ ಅದನ್ನು ಸ್ವತಂತ್ರವಾಗಿ ರೂಪಿಸಿದರು. ಅಂತರಿಕ್ಷಯಾನದ ಅಗತ್ಯಗಳಿಗೆ ಬೆಳೆದ ಸಾಧನವು ಇಂದು ವಿದ್ಯಾರ್ಥಿಯ ಮೇಜಿನ ಮೇಲೆ ದುಡಿಯುತ್ತಿದೆ.

ಮೂರನೆಯದು, ಹೀಟ್ ಪೈಪಿನ ತುದಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ತೆಳುತಗಡುಗಳ ಸಾಲು. ನಾಲ್ಕನೆಯದು, ಆ ಸಾಲಿನ ನಡುವೆ ಗಾಳಿಯನ್ನು ನೂಕುವ ಫ್ಯಾನು. ಐದನೆಯದು ಕೋಣೆಯ ಗಾಳಿ. ಈ ಕೊನೆಯದನ್ನು ಬಹುಮಂದಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಂತ್ರದ ತಾಪವು ಯಾವಾಗಲೂ ಕೋಣೆಯ ತಾಪದ ಮೇಲೆ ಕೂಡಿಕೊಳ್ಳುತ್ತದೆ. ೨೫ ಡಿಗ್ರಿಯ ಕೋಣೆಯಲ್ಲಿ ೮೦ ಡಿಗ್ರಿಗೆ ನಿಲ್ಲುವ ಚಿಪ್, ಅದೇ ಹೊರೆಗೆ, ೪೦ ಡಿಗ್ರಿಯ ಕೋಣೆಯಲ್ಲಿ ಸುಮಾರು ೯೫ಕ್ಕೆ ಏರುತ್ತದೆ. ಕಲಬುರಗಿ, ರಾಯಚೂರುಗಳ ಬೇಸಿಗೆಯ ಹಗಲು ೪೦ ಡಿಗ್ರಿಯನ್ನು ದಾಟುವುದು ವಾಡಿಕೆಯಾದುದರಿಂದ ಅಲ್ಲಿನ ಕಾಲೇಜುಗಳಿಗೆ ಈ ಲೆಕ್ಕವು ಮುಖ್ಯವಾದುದು.

೩. ಯಂತ್ರದ ಆತ್ಮರಕ್ಷಣೆ

ಪ್ರೊಸೆಸರುಗಳಿಗೆ ತಯಾರಕರು ಗೊತ್ತುಮಾಡಿದ ತಾಪಮಿತಿಯು ಸಾಮಾನ್ಯವಾಗಿ ೯೫ರಿಂದ ೧೦೫ ಡಿಗ್ರಿ ಸೆಲ್ಸಿಯಸ್. ಗ್ರಾಫಿಕ್ಸ್ ಚಿಪ್‌ಗಳ ಮಿತಿ ಸಾಧಾರಣವಾಗಿ ಇದಕ್ಕಿಂತ ಕೆಳಗಿರುತ್ತದೆ. ಈ ಮಿತಿಯನ್ನು ಮುಟ್ಟಿದೊಡನೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದರಿಂದಲೂ ಸಾಲದಾದರೆ ಯಂತ್ರವು ಆರಿಹೋಗುತ್ತದೆ. ಆಟವು ಇದ್ದಕ್ಕಿದ್ದಂತೆ ತಡವರಿಸುವುದಕ್ಕೂ, ಒಂದು ಗಂಟೆಯ ಲೆಕ್ಕವು ಎರಡು ಗಂಟೆ ಹಿಡಿಯುವುದಕ್ಕೂ ಅನೇಕ ವೇಳೆ ಇದೇ ಕಾರಣ. ಇದು ಕೇಡಲ್ಲ, ಕೇಡಿನಿಂದ ಪಾರಾಗುವ ಉಪಾಯ. ಎನಿಯಾಕ್ ಯಂತ್ರದಲ್ಲಿಯೂ ಶಾಖವು ಮಿತಿಮೀರಿದರೆ ವಿದ್ಯುತ್ತನ್ನು ಕಡಿಯುವ ಏರ್ಪಾಡಿದ್ದಿತು.

ಹಾಗೆಂದ ಮಾತ್ರಕ್ಕೆ ಅತಿತಾಪವು ನಿರಪಾಯಕರವೆಂದು ತಿಳಿಯಲಾಗದು. ಪದೇ ಪದೇ ಕಾಯುವುದು ಮತ್ತು ತಣಿಯುವುದರಿಂದ ಲೋಹಗಳು ಹಿಗ್ಗಿ ಕುಗ್ಗಿ, ಚಿಪ್‌ನ ಸೂಕ್ಷ್ಮ ಬೆಸುಗೆಗಳು ದಣಿಯುತ್ತವೆ. ಎನ್‌ವಿಡಿಯಾ ಸಂಸ್ಥೆಯು ೨೦೦೮ರ ಜುಲೈ ತಿಂಗಳಿನಲ್ಲಿ, ಲ್ಯಾಪ್‌ಟಾಪುಗಳಿಗೆ ಒದಗಿಸಿದ್ದ ತನ್ನ ಕೆಲವು ಹಳೆಯ ಗ್ರಾಫಿಕ್ಸ್ ಚಿಪ್‌ಗಳು ಜೋಡಣೆಯ ಸಾಮಗ್ರಿ ದುರ್ಬಲವಾದುದರಿಂದ ಕೆಡುತ್ತಿವೆಯೆಂದು ತಿಳಿಸಿ, ದುರಸ್ತಿ ಮತ್ತು ಬದಲಾವಣೆಗಾಗಿ ೧೫ರಿಂದ ೨೦ ಕೋಟಿ ಡಾಲರುಗಳನ್ನು ತೆಗೆದಿರಿಸಬೇಕಾಯಿತು. ಬ್ಯಾಟರಿಗೂ ಶಾಖವು ಶತ್ರು: ಲಿಥಿಯಮ್ ಬ್ಯಾಟರಿಯು ಬಿಸಿಯಲ್ಲಿ ಪೂರ್ಣವಾಗಿ ತುಂಬಿಕೊಂಡೇ ಇದ್ದರೆ ಬೇಗನೆ ಮುಪ್ಪಾಗುತ್ತದೆ.

೪. ತಡೆಯನ್ನು ಗುರುತಿಸುವ ಕ್ರಮ

ಆಕರಗಳನ್ನು ಪರಿಶೀಲಿಸದೆ ತೀರ್ಮಾನಕ್ಕೆ ಬರಬಾರದೆಂಬ ನಮ್ಮ ಶಾಸ್ತ್ರದ ನಿಯಮವು ಇಲ್ಲಿಯೂ ಸಲ್ಲುತ್ತದೆ. ತಾಪವನ್ನೂ ಫ್ಯಾನಿನ ವೇಗವನ್ನೂ ತೋರಿಸುವ ಉಚಿತ ತಂತ್ರಾಂಶಗಳು ದೊರೆಯುತ್ತವೆ. ಯಂತ್ರವು ಸುಮ್ಮನಿರುವಾಗ ಒಮ್ಮೆ, ಅರ್ಧ ಗಂಟೆ ಪೂರ್ಣಹೊರೆಯಲ್ಲಿ ದುಡಿದ ಬಳಿಕ ಒಮ್ಮೆ ತಾಪವನ್ನು ಬರೆದುಕೊಳ್ಳಬೇಕು. ಜೊತೆಗೆ ಕೋಣೆಯ ತಾಪವನ್ನೂ ಬರೆದುಕೊಳ್ಳಬೇಕು. ಆ ಮೇಲೆ ಲಕ್ಷಣಗಳನ್ನು ಹೀಗೆ ವಿಂಗಡಿಸಬಹುದು.

ಕೆಲಸವಿಲ್ಲದಾಗಲೂ ಯಂತ್ರವು ಬಿಸಿಯಾಗಿದ್ದರೆ, ಹಿನ್ನೆಲೆಯಲ್ಲಿ ಯಾವುದೋ ತಂತ್ರಾಂಶವು ಓಡುತ್ತಿದೆಯೇ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ಮೊದಲು ನೋಡತಕ್ಕದ್ದು. ಯಂತ್ರದ ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತಿದಾಗ ತಾಪವು ಇಳಿದರೆ, ತಳದಿಂದ ಗಾಳಿ ಸಾಲದಾಗಿತ್ತೆಂದು ಅರ್ಥ. ಫ್ಯಾನು ಜೋರಾಗಿ ಮೊರೆಯುತ್ತಿದ್ದರೂ ಹೊರಬರುವ ಗಾಳಿ ಕ್ಷೀಣವಾಗಿದ್ದರೆ, ತಗಡುಸಾಲಿನಲ್ಲಿ ಧೂಳು ಕಟ್ಟಿಕೊಂಡಿದೆ. ಫ್ಯಾನು ಕರಕರನೆ ಸದ್ದು ಮಾಡಿದರೆ ಅಥವಾ ತಿರುಗದಿದ್ದರೆ ಅದನ್ನೇ ಬದಲಿಸಬೇಕು. ಹೊರೆ ಬಿದ್ದ ಕೆಲವೇ ಕ್ಷಣಗಳಲ್ಲಿ ತಾಪವು ಮಿತಿಗೆ ಜಿಗಿದು ಅಲ್ಲಿಯೇ ನಿಂತು, ಹೊರಬರುವ ಗಾಳಿ ಮಾತ್ರ ಅಷ್ಟೇನೂ ಬಿಸಿಯಾಗಿಲ್ಲದಿದ್ದರೆ, ಶಾಖವು ಚಿಪ್‌ನಿಂದ ತಾಮ್ರಕ್ಕೆ ದಾಟುತ್ತಿಲ್ಲ. ಪೇಸ್ಟು ಒಣಗಿದೆ, ಅಥವಾ ಫಲಕವು ಸಡಿಲವಾಗಿದೆ. ಕ್ಷಣಕಾಲ ಏರಿ ಇಳಿಯುವ ತಾಪವು ಇಂದಿನ ಪ್ರೊಸೆಸರುಗಳ ಸಹಜಗುಣವಾದುದರಿಂದ ಅದಕ್ಕೆ ಅಂಜಬೇಕಾಗಿಲ್ಲ.

೫. ಬಿಚ್ಚದೆಯೇ ಮಾಡಬಹುದಾದ ನಿವಾರಣೆ

ಯಂತ್ರವನ್ನು ಗಟ್ಟಿಯಾದ ಸಮತಟ್ಟು ಮೇಜಿನ ಮೇಲೆ, ಗೋಡೆಯಿಂದ ದೂರವಿರಿಸಿ ಬಳಸಬೇಕು. ಹಾಸಿಗೆ, ದಿಂಬು, ತೊಡೆಯ ಮೇಲಿನ ಹೊದಿಕೆ ಇವು ತಳದ ಗಾಳಿಕಿಂಡಿಗಳನ್ನು ಮುಚ್ಚಿಬಿಡುತ್ತವೆ. ಕೂಲಿಂಗ್ ಪ್ಯಾಡ್‌ಗಳಿಂದ ಕೆಲವು ಡಿಗ್ರಿಗಳ ಲಾಭವಾಗಬಹುದಾದರೂ, ಒಳಗೆ ಧೂಳು ತುಂಬಿದ ಯಂತ್ರಕ್ಕೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಕಾದ ಯಂತ್ರವನ್ನು ಫ್ರಿಜ್ಜಿನಲ್ಲಿಡುವ ಸಾಹಸವನ್ನು ಯಾರೂ ಮಾಡಬಾರದು. ತಣ್ಣಗಾದುದನ್ನು ಹೊರತೆಗೆದಾಗ ಗಾಳಿಯ ತೇವವು ಹನಿಗಟ್ಟಿ ಯಂತ್ರವನ್ನೇ ಕೆಡಿಸುತ್ತದೆ.

ಎರಡನೆಯ ಉಪಾಯವು ಬಳಸುವ ವಿದ್ಯುತ್ತನ್ನು ತಗ್ಗಿಸುವುದು. ಚಿಪ್ ಬಳಸುವ ವಿದ್ಯುತ್ತಿನ ಮುಖ್ಯಭಾಗವು ವೋಲ್ಟೇಜಿನ ವರ್ಗಕ್ಕೂ ವೇಗಕ್ಕೂ ಅನುಗುಣವಾಗಿ ಏರುತ್ತದೆ. ವೇಗವು ಅಷ್ಟೇ ಇದ್ದು ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ, ಆ ಭಾಗವು ನೂರಕ್ಕೆ ಹತ್ತೊಂಬತ್ತರಷ್ಟು ಇಳಿಯುತ್ತದೆ. ವೇಗವನ್ನು ಕೊಂಚ ಬಿಟ್ಟುಕೊಟ್ಟು ಬಹಳ ಶಾಖವನ್ನು ಉಳಿಸುವ ಸಾಧ್ಯತೆ ಇರುವುದು ಇಲ್ಲಿಯೇ. ವಿಂಡೋಸ್‌ನ ವಿದ್ಯುತ್ ವ್ಯವಸ್ಥೆಯಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ನೂರಕ್ಕೆ ೯೯ ಎಂದು ಇಟ್ಟರೆ, ಅನೇಕ ಯಂತ್ರಗಳಲ್ಲಿ ‘ಟರ್ಬೋ’ ವೇಗವು ನಿಂತು ತಾಪವು ಗಣನೀಯವಾಗಿ ಇಳಿಯುತ್ತದೆ. ಆಟಗಳಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು ೬೦ಕ್ಕೆ ಕಟ್ಟಿಹಾಕುವುದೂ ಇಂತಹುದೇ ಉಪಾಯ. ವೋಲ್ಟೇಜನ್ನು ತಾವೇ ಇಳಿಸುವ ಪದ್ಧತಿಯೊಂದಿದ್ದರೂ, ಅದೇ ದಾರಿಯಿಂದ ಯಂತ್ರದ ಗುಟ್ಟುಗಳನ್ನು ಕದಿಯಬಹುದೆಂಬುದು ‘ಪ್ಲಂಡರ್‌ವೋಲ್ಟ್’ ಎಂಬ ಹೆಸರಿನಲ್ಲಿ ೨೦೧೯ರ ಡಿಸೆಂಬರಿನಲ್ಲಿ ಹೊರಬಿದ್ದ ಮೇಲೆ ಇಂಟೆಲ್ ಪ್ರೊಸೆಸರಿನ ಅನೇಕ ಯಂತ್ರಗಳಲ್ಲಿ ಅದಕ್ಕೆ ಬೀಗ ಬಿದ್ದಿತು. ಸದಾ ಚಾರ್ಜರಿಗೆ ಜೋಡಿಸಿಯೇ ಬಳಸುವವರು, ಯಂತ್ರದಲ್ಲಿ ಸೌಕರ್ಯವಿದ್ದರೆ, ಬ್ಯಾಟರಿಯನ್ನು ನೂರಕ್ಕೆ ೮೦ಕ್ಕೆ ನಿಲ್ಲಿಸುವುದು ಲೇಸು.

೬. ಬಿಚ್ಚಿ ಮಾಡುವ ದುರಸ್ತಿ

ಶಾಸನದ ಅಚ್ಚನ್ನು ತೆಗೆಯುವವನು ಮೊದಲು ಕಲ್ಲನ್ನು ಶುಚಿಮಾಡುತ್ತಾನೆ. ಇಲ್ಲಿಯೂ ಮೊದಲ ಕೆಲಸ ಅದೇ. ವಾರಂಟಿಯ ಅವಧಿಯಿದ್ದರೆ ತಯಾರಕರ ಸೇವಾಕೇಂದ್ರಕ್ಕೆ ಒಪ್ಪಿಸುವುದು ಉಚಿತ. ಅವಧಿ ಮುಗಿದಿದ್ದರೆ, ಯಂತ್ರವನ್ನು ಆರಿಸಿ, ಚಾರ್ಜರನ್ನು ಕಳಚಿ, ತಳದ ಮುಚ್ಚಳವನ್ನು ತೆಗೆದ ಕೂಡಲೇ ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಬ್ಯಾಟರಿಯು ಉಬ್ಬಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಒತ್ತದೆ ಚುಚ್ಚದೆ, ಬಲ್ಲವರಿಗೆ ಒಪ್ಪಿಸಬೇಕು. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿದು, ತಗಡುಸಾಲಿನ ಧೂಳನ್ನು ಮೆದು ಕುಂಚದಿಂದಲೂ ಗಾಳಿಯ ಡಬ್ಬಿಯಿಂದಲೂ ಹೊರಕ್ಕೆ ತೆಗೆಯಬೇಕು. ರೆಕ್ಕೆಯನ್ನು ತಡೆಯದೆ ಊದಿದರೆ ಫ್ಯಾನು ಮಿತಿಮೀರಿ ತಿರುಗಿ ಕೆಡುವುದುಂಟು.

ಪೇಸ್ಟನ್ನು ಬದಲಿಸುವಾಗ ಫಲಕದ ತಿರುಪುಗಳನ್ನು ಅವುಗಳ ಪಕ್ಕದಲ್ಲಿ ಕೊರೆದಿರುವ ಸಂಖ್ಯೆಗಳ ಕ್ರಮವನ್ನು ಅನುಸರಿಸಿ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಹೊಸದನ್ನು ಚಿಪ್‌ನ ಮೇಲ್ಮೈ ಮುಚ್ಚುವಷ್ಟು ಮಾತ್ರ ತೆಳುವಾಗಿ ಹಚ್ಚಬೇಕು. ಸುತ್ತಲಿನ ಥರ್ಮಲ್ ಪ್ಯಾಡ್‌ಗಳು ಹರಿದಿದ್ದರೆ ಅದೇ ದಪ್ಪದವನ್ನೇ ಹಾಕಬೇಕು. ದಪ್ಪ ಹೆಚ್ಚಾದರೆ ಫಲಕವು ಚಿಪ್‌ಗೆ ತಾಗದೆ ಬಾಧೆ ಮೊದಲಿಗಿಂತ ಬಲವಾಗುತ್ತದೆ. ಪೇಸ್ಟಿಗೆ ಬದಲು ಗ್ಯಾಲಿಯಮ್ ಬೆರೆತ ದ್ರವಲೋಹವನ್ನು ಬಳಸುವುದುಂಟು. ಅದು ವಿದ್ಯುದ್ವಾಹಕವೂ, ಅಲ್ಯುಮಿನಿಯಮ್ಮನ್ನು ತಿನ್ನುವಂತಹುದೂ ಆದುದರಿಂದ ಅಭ್ಯಾಸವಿಲ್ಲದವರು ಅದರ ಗೊಡವೆಗೆ ಹೋಗಬಾರದು. ತಯಾರಕರೇ ಅದನ್ನು ಹಾಕಿರುವ ಯಂತ್ರಗಳನ್ನು ಸೇವಾಕೇಂದ್ರಕ್ಕೆ ಬಿಡುವುದೇ ಸರಿ.

ದುರಸ್ತಿಯಾದ ಮೇಲೆ ಮೊದಲಿನ ಪರೀಕ್ಷೆಯನ್ನು ಅದೇ ಹೊರೆಯಲ್ಲಿ, ಆದಷ್ಟು ಅದೇ ಕೋಣೆಯಲ್ಲಿ ಮತ್ತೆ ಮಾಡಿ, ಎರಡು ಅಂಕಿಗಳನ್ನೂ ಹೋಲಿಸಬೇಕು. ಹೋಲಿಕೆಯಿಲ್ಲದೆ ‘ಸರಿಹೋಯಿತು’ ಎನ್ನುವುದು ಊಹೆ ಮಾತ್ರ. ವಿಭಾಗಗಳು ಪ್ರತಿಯೊಂದು ಯಂತ್ರಕ್ಕೂ ಒಂದು ಪುಟ್ಟ ದಾಖಲೆಪುಸ್ತಕವನ್ನಿಟ್ಟು, ಶುಚಿಮಾಡಿದ ದಿನ, ಕೋಣೆಯ ತಾಪ, ಹೊರೆಯಲ್ಲಿನ ತಾಪ ಇವನ್ನು ವರ್ಷಕ್ಕೆರಡು ಬಾರಿ, ಅದರಲ್ಲಿಯೂ ಬೇಸಿಗೆಗೆ ಮುನ್ನ ತಪ್ಪದೆ ಬರೆದಿಡುವುದಾದರೆ, ಬಾಧೆಯು ಬಲಿಯುವ ಮೊದಲೇ ಅಂಕಿಗಳಲ್ಲಿ ಅದರ ಸುಳಿವು ಸಿಗುತ್ತದೆ. ದೀರ್ಘವಾದ ಲೆಕ್ಕಾಚಾರಗಳನ್ನು ಹಂತಹಂತವಾಗಿ ಉಳಿಸಿಕೊಳ್ಳುವುದನ್ನೂ, ಸಾಧ್ಯವಾದರೆ ಮುಂಜಾನೆ ಅಥವಾ ರಾತ್ರಿಯ ತಂಪಿನಲ್ಲಿ ನಡೆಸುವುದನ್ನೂ ವಿದ್ಯಾರ್ಥಿಗಳು ರೂಢಿಮಾಡಿಕೊಳ್ಳಬೇಕು. ಬಯಲಿನಲ್ಲಿ ಮಳೆಬಿಸಿಲಿಗೆ ಸವೆಯುತ್ತಿರುವ ಕಲ್ಲಿನ ಅಕ್ಷರಗಳು ನಮ್ಮ ಯಂತ್ರಗಳು ಸರಿಹೋಗುವವರೆಗೆ ಕಾಯುವುದಿಲ್ಲ.