ಲಿಸ್ಸಾ ಕದನದ ತಪ್ಪು ಪಾಠ

1860ರಿಂದ 1900ರ ನಡುವೆ ಕಟ್ಟಿದ ಯುದ್ಧನೌಕೆಗಳ ಚಿತ್ರ ನೋಡಿದವರಿಗೆಲ್ಲ ಒಂದು ಪ್ರಶ್ನೆ ಏಳುತ್ತದೆ. ಬೇರೆ ಹಡಗುಗಳ ಮೂತಿ ಮೇಲೇರಿದಂತೆ ಮುಂದಕ್ಕೆ ಚಾಚಿಕೊಂಡರೆ ಇವುಗಳದ್ದು ಕೆಳಗಿಳಿದಂತೆ ಮುಂದಕ್ಕೆ ಚಾಚಿ, ನೀರಿನೊಳಗೆ ದಪ್ಪ ಲೋಹದ ಮೊನೆಯಾಗಿ ನಿಲ್ಲುತ್ತದೆ. ಯಾಕೆ ಹೀಗೆ? ಇಂದಿನ ಸರಕುಹಡಗುಗಳ ಮೂತಿಯಡಿ ಕಾಣುವ ಗುಂಡನೆಯ ಉಬ್ಬಿನಂಥದ್ದೇ ಇದೂ ಎಂದು ಅನೇಕರು ತಿಳಿದಿದ್ದಾರೆ. ಆದರೆ ಆ ಉಬ್ಬು ಮೂತಿ ಎಬ್ಬಿಸುವ ಅಲೆಗೆ ಪ್ರತಿಯಾಗಿ ಇನ್ನೊಂದು ಅಲೆ ಎಬ್ಬಿಸಿ ಇಂಧನ ಉಳಿಸುತ್ತದೆ. ಹಳೆಯ ಹಡಗಿನ ಮೊನೆಗೆ ಇದ್ದದ್ದು ಒಂದೇ ಕೆಲಸ, ಶತ್ರುವಿನ ಹಡಗಿಗೆ ಗುದ್ದಿ ಅದರ ಪಕ್ಕೆ ಸೀಳುವುದು. ಅದರ ಹೆಸರು ರ‍್ಯಾಮ್. ಉಗಿಯಂತ್ರ, ಉಕ್ಕು, ಗಣಿತ ಎಲ್ಲವನ್ನೂ ಬಲ್ಲ ವಿಕ್ಟೋರಿಯಾ ಕಾಲದ ಎಂಜಿನಿಯರುಗಳು ಸುಮಾರು ನಲವತ್ತು ವರ್ಷ ಈ ಆಯುಧವನ್ನು ನಂಬಿದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ, ಸಾಕ್ಷ್ಯವನ್ನು ಓದಿದ ಬಗೆಯಲ್ಲಿ ತಪ್ಪಿತ್ತು ಎಂಬುದು ನನ್ನ ವಾದ.

ಮೊದಲು ಅವರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡಬೇಕು. 1862ರ ಮಾರ್ಚ್ 9ರಂದು ಅಮೆರಿಕದ ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಕಬ್ಬಿಣದ ಕವಚ ತೊಟ್ಟ ‘ಮಾನಿಟರ್’ ಮತ್ತು ‘ವರ್ಜೀನಿಯಾ’ ಗಂಟೆಗಟ್ಟಲೆ ಫಿರಂಗಿ ಹಾರಿಸಿದರೂ ಯಾವುದೂ ಮುಳುಗಲಿಲ್ಲ. ಕವಚ ಫಿರಂಗಿಯನ್ನು ಸೋಲಿಸಿತ್ತು. ಅದರ ಹಿಂದಿನ ದಿನವಷ್ಟೇ ವರ್ಜೀನಿಯಾ ಮರದ ‘ಕಂಬರ್‌ಲ್ಯಾಂಡ್’ ಹಡಗನ್ನು ಗುದ್ದಿ ಮುಳುಗಿಸಿತ್ತು. ಇನ್ನು ಭೌತವಿಜ್ಞಾನವನ್ನು ಕೇಳಿದರೆ ಅದೂ ರ‍್ಯಾಮ್‌ನ ಕಡೆಗೇ ವಾಲುತ್ತದೆ. 30 ಕಿಲೋ ತೂಕದ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದು ಬಡಿದರೆ ಅದರಲ್ಲಿರುವ ಚಲನಶಕ್ತಿ ಸುಮಾರು 24 ಲಕ್ಷ ಜೂಲ್. 5,000 ಟನ್ ತೂಕದ ಹಡಗು 11 ನಾಟ್ ವೇಗದಲ್ಲಿ, ಅಂದರೆ ಸೈಕಲ್ ಸವಾರನ ವೇಗದಲ್ಲಿ ಬಂದರೆ ಸುಮಾರು 8 ಕೋಟಿ ಜೂಲ್, ಗುಂಡಿನ 30 ಪಟ್ಟಿಗೂ ಮಿಗಿಲು. ಅಷ್ಟೂ ಶಕ್ತಿ ಒಂದೇ ಮೊನೆಯಲ್ಲಿ, ನೀರಿನ ಕೆಳಗಿನ ಕವಚವಿಲ್ಲದ ಭಾಗಕ್ಕೆ ತಗಲುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಗಾಳಿಯ ದಿಕ್ಕು ನೋಡಿಕೊಂಡೇ ಹೋಗಬೇಕಿತ್ತು, ಉಗಿಯಂತ್ರ ಬಂದಮೇಲೆ ಬೇಕಾದತ್ತ ಮೂತಿ ತಿರುಗಿಸಬಹುದಾಯಿತು. ಹುಟ್ಟು ಹಾಕಿ ಹಡಗು ನಡೆಸುತ್ತಿದ್ದ ಪ್ರಾಚೀನ ಗ್ರೀಕರ ಗುದ್ದಾಟ ಮರಳಿ ಬರಲು ಇಷ್ಟು ಸಾಕಿತ್ತು.

ಸಂದೇಹವಿದ್ದವರ ಬಾಯಿ ಮುಚ್ಚಿಸಿದ್ದು ಲಿಸ್ಸಾ. 1866ರ ಜುಲೈ 20ರಂದು ಏಡ್ರಿಯಾಟಿಕ್ ಸಮುದ್ರದಲ್ಲಿ ಆಸ್ಟ್ರಿಯದ ಅಡ್ಮಿರಲ್ ಟೆಗೆಟ್‌ಹೋಫ್ ತನ್ನ ಏಳು ಕವಚ ಹಡಗುಗಳೊಂದಿಗೆ ಇಟಲಿಯ ಹನ್ನೆರಡನ್ನು ಎದುರಿಸಿ, ಧ್ವಜನೌಕೆ ‘ಫರ್ಡಿನಾಂಡ್ ಮ್ಯಾಕ್ಸ್’ನಿಂದ ‘ರೆ ಡಿ’ಇಟಾಲಿಯ’ವನ್ನು ಗುದ್ದಿಸಿದ. ಕೆಲವೇ ನಿಮಿಷಗಳಲ್ಲಿ ಅದು ಮುಳುಗಿತು, ಸುಮಾರು 400 ಜನ ಸತ್ತರು. ಯುರೋಪಿನ ನೌಕಾದಳಗಳೆಲ್ಲ ಈ ಒಂದು ಗುದ್ದನ್ನು ನೋಡಿದವು, ಗುದ್ದಿಸಿಕೊಂಡ ಹಡಗಿನ ಸ್ಥಿತಿಯನ್ನು ನೋಡಲಿಲ್ಲ. ಅದರ ಚುಕ್ಕಾಣಿ ಆಗಲೇ ಕೆಟ್ಟಿತ್ತು. ಮುಂದೆ ಹೋಗದಂತೆ ಶತ್ರುಹಡಗು ಅಡ್ಡ ಬಂದದ್ದರಿಂದ ಯಂತ್ರವನ್ನು ಹಿಂದಕ್ಕೆ ತಿರುಗಿಸಿ ಹೆಚ್ಚುಕಡಿಮೆ ನಿಂತೇಬಿಟ್ಟಿತ್ತು. ಅದೇ ಕದನದಲ್ಲಿ ಚಲಿಸುತ್ತಿದ್ದ ಹಡಗುಗಳ ಮೇಲೆ ನಡೆದ ಗುದ್ದಾಟಗಳೆಲ್ಲ ತಪ್ಪಿಹೋದವು ಇಲ್ಲವೇ ಜಾರಿಹೋದವು. ಆಸ್ಟ್ರಿಯದ ಮರದ ಹಡಗು ‘ಕೈಸರ್’ ‘ರೆ ಡಿ ಪೋರ್ಟೊಗಾಲೊ’ಗೆ ಗುದ್ದಿ ತನ್ನದೇ ಮುಂಭಾಗದ ಪಟಸ್ತಂಭ ಕಳೆದುಕೊಂಡಿತು. ರ‍್ಯಾಮ್‌ಗೆಂದೇ ಕಟ್ಟಿದ, ‘ಮುಳುಗಿಸುವವನು’ ಎಂಬ ಹೆಸರೇ ಇದ್ದ ಇಟಲಿಯ ‘ಅಫೊಂಡಟೋರೆ’ ಯಾರನ್ನೂ ಮುಳುಗಿಸಲಿಲ್ಲ. ಹಿಂದಿನ ಕಂಬರ್‌ಲ್ಯಾಂಡ್ ಕೂಡ ಲಂಗರು ಹಾಕಿ ನಿಂತಿದ್ದ ಹಡಗು ಎಂಬುದನ್ನು ಯಾರೂ ನೆನೆಯಲಿಲ್ಲ.

ಚಲನೆ ಇಷ್ಟು ಮುಖ್ಯವಾಗುವುದು ಏಕೆ? 90 ಮೀಟರ್ ಉದ್ದದ ಹಡಗು 10 ನಾಟ್ ವೇಗದಲ್ಲಿ ಹೋಗುತ್ತಿದ್ದರೆ ತನ್ನ ಉದ್ದದಷ್ಟು ದೂರವನ್ನು ಸುಮಾರು 18 ಸೆಕೆಂಡಿನಲ್ಲಿ ದಾಟುತ್ತದೆ. 500 ಮೀಟರ್ ದೂರದಿಂದ ಗುರಿಯಿಟ್ಟು ಬರುವವನಿಗೆ ಒಂದೂವರೆ ನಿಮಿಷ ಬೇಕು. ಅಷ್ಟರಲ್ಲಿ ಗುರಿ ಐದು ಹಡಗಿನುದ್ದ ಸರಿದಿರುತ್ತದೆ, ಚುಕ್ಕಾಣಿಯನ್ನು ತುಸು ತಿರುಗಿಸಿದರೂ ನೇರ ಗುದ್ದು ಒರೆಸಿಕೊಂಡು ಹೋಗುವ ಗುದ್ದಾಗುತ್ತದೆ. ಕಾಳಗದ ಟಗರುಗಳು ಎದುರುಬದುರಾಗಿ ಓಡಿಬಂದು ತಲೆಗೆ ತಲೆ ಕೊಡುತ್ತವೆ, ಆದ್ದರಿಂದ ಅವಕ್ಕೆ ಗುರಿ ತಪ್ಪುವುದಿಲ್ಲ. ಹಡಗಿಗೆ ಬೇಕಾದದ್ದು ಎದುರಾಳಿಯ ಪಕ್ಕೆ, ಅದನ್ನು ಯಾವ ನಾಯಕನೂ ತಾನಾಗಿ ಒಡ್ಡುವುದಿಲ್ಲ. 1879ರ ಮೇ 21ರಂದು ಚಿಲಿಯವರ ವಿರುದ್ಧ ಇಕಿಕೆಯಲ್ಲಿ ಪೆರುವಿನ ‘ಹುವಾಸ್ಕರ್’ ಮಾಡಿದ್ದು ಇದಕ್ಕೆ ಒಳ್ಳೆಯ ಪುರಾವೆ. ಬಾಯ್ಲರ್ ಕೆಟ್ಟು ತೆವಳುತ್ತಿದ್ದ ಮರದ ‘ಎಸ್ಮೆರಾಲ್ಡಾ’ವನ್ನು ಮುಳುಗಿಸಲು ಅದಕ್ಕೆ ಮೂರು ಸಲ ಗುದ್ದಬೇಕಾಯಿತು. ಅದೇ ದಿನ ಪೆರುವಿನ ಇನ್ನೊಂದು ಕವಚ ಹಡಗು ‘ಇಂಡಿಪೆಂಡೆನ್ಸಿಯ’, ಪುಟ್ಟ ‘ಕೊವಾಡೊಂಗ’ವನ್ನು ಗುದ್ದಲು ಬೆನ್ನಟ್ಟಿ ಹೋಗಿ ಬಂಡೆಗೆ ಬಡಿದು ನಾಶವಾಯಿತು.

ಯುದ್ಧದಲ್ಲಿ ಇಷ್ಟು ಸೋತ ಆಯುಧ ಶಾಂತಿಕಾಲದಲ್ಲಿ ಭಯಂಕರವಾಗಿ ಗೆದ್ದಿತು, ತನ್ನವರ ಮೇಲೆ. 1875ರಲ್ಲಿ ಮಂಜಿನೊಳಗೆ ಬ್ರಿಟನ್ನಿನ ‘ಐರನ್ ಡ್ಯೂಕ್’ ತನ್ನದೇ ದಳದ ‘ವ್ಯಾನ್‌ಗಾರ್ಡ್’ಗೆ ಗುದ್ದಿ ಮುಳುಗಿಸಿತು. 1878ರಲ್ಲಿ ಜರ್ಮನಿಯ ‘ಗ್ರೋಸರ್ ಕುರ್‌ಫುರ್ಸ್ಟ್’ಗೂ ಅದೇ ಗತಿ. ಎಲ್ಲಕ್ಕಿಂತ ಘೋರವಾದದ್ದು 1893ರ ಜೂನ್ 22ರಂದು ಲೆಬನಾನಿನ ಟ್ರಿಪೊಲಿಯ ಬಳಿ ನಡೆಯಿತು. ಬ್ರಿಟನ್ನಿನ ಅಡ್ಮಿರಲ್ ಜಾರ್ಜ್ ಟ್ರೈಅನ್ ಎರಡು ಸಾಲುಗಳಲ್ಲಿ ಸಾಗುತ್ತಿದ್ದ ಹಡಗುಗಳನ್ನು ಒಂದರತ್ತ ಒಂದು ತಿರುಗಲು ಹೇಳಿದ. ಸಾಲುಗಳ ನಡುವೆ ಇದ್ದದ್ದು 1,200 ಗಜ, ಒಂದೊಂದು ಹಡಗು ತಿರುಗಲು ಬೇಕಾದದ್ದು ಸುಮಾರು 800 ಗಜ. ಎರಡಕ್ಕೂ ಸೇರಿ 1,600 ಗಜವಾದರೂ ಬೇಕು. ‘ಕ್ಯಾಂಪರ್‌ಡೌನ್’ನ ರ‍್ಯಾಮ್ ಧ್ವಜನೌಕೆ ‘ವಿಕ್ಟೋರಿಯಾ’ದೊಳಗೆ ನುಗ್ಗಿತು. ಒಳಗಿನ ನೀರುತಡೆ ಬಾಗಿಲುಗಳನ್ನು ಮುಚ್ಚುವಷ್ಟು ಹೊತ್ತು ಸಿಗಲಿಲ್ಲ. ಹದಿಮೂರು ನಿಮಿಷಗಳಲ್ಲಿ ಹಡಗು ಮುಳುಗಿ ಟ್ರೈಅನ್ ಸೇರಿ 358 ಜನ ಸತ್ತರು. ಅದೇ ಹೊತ್ತಿಗೆ ಲಂಡನ್ನಿನ ಅವನ ಮನೆಯ ಔತಣದಲ್ಲಿ ಅವನ ಪ್ರೇತ ಕಾಣಿಸಿಕೊಂಡಿತೆಂಬ ಕಥೆಯನ್ನು ಇಂದಿಗೂ ಹೇಳುವವರಿದ್ದಾರೆ. ಇಂಥ ಕಥೆಗಳು ಮಾಡುವ ಹಾನಿ ಸಣ್ಣದಲ್ಲ. 358 ಜನರನ್ನು ಕೊಂದದ್ದು ಒಂದು ಕೂಡುವ ಲೆಕ್ಕ, ಒಂದು ಆಜ್ಞೆ ಮತ್ತು ಅದನ್ನು ಧೈರ್ಯವಾಗಿ ತಡೆಯದ ಶಿಸ್ತು. ಪ್ರೇತದ ಕಥೆ ಕೇಳಿದವರು ಈ ಮೂರನ್ನೂ ಕೇಳುವುದೇ ಇಲ್ಲ.

ಹಾಗಾದರೆ ನೀರಿನಡಿ ಹೊಡೆಯುವ ವಿಚಾರವೇ ತಪ್ಪೇ? ಅಲ್ಲ. ಲಿಸ್ಸಾ ಕದನ ನಡೆದ 1866ರಲ್ಲೇ, ಅದೇ ಏಡ್ರಿಯಾಟಿಕ್ ತೀರದ ಫಿಯೂಮೆಯಲ್ಲಿ, ರಾಬರ್ಟ್ ವೈಟ್‌ಹೆಡ್ ತಾನೇ ಚಲಿಸುವ ಟಾರ್ಪಿಡೊ ತಯಾರಿಸಿದ್ದ. ಕವಚದ ಕೆಳಗೆ ತೂತು ಮಾಡಬೇಕೆಂಬ ಗುರಿ ಅದಕ್ಕೂ ಇತ್ತು, ಆದರೆ ಅದರ ಜೊತೆ ಇಡೀ ಹಡಗು ಹೋಗಬೇಕಿರಲಿಲ್ಲ. ಟಾರ್ಪಿಡೊಗಳ ಮತ್ತು ಫಿರಂಗಿಗಳ ದೂರ ಬೆಳೆದಂತೆ, ಗುದ್ದಲು ಹತ್ತಿರ ಬರುವವನು ಬರುವ ಮೊದಲೇ ಸಾಯುವಂತಾಯಿತು. 1915ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಯುದ್ಧನೌಕೆ ‘ಡ್ರೆಡ್‌ನಾಟ್’ ಜರ್ಮನಿಯ ಯು-29 ಜಲಾಂತರ್ಗಾಮಿಯನ್ನು ಗುದ್ದಿಯೇ ಮುಳುಗಿಸಿತಲ್ಲ ಎಂದು ಕೆಲವರು ಎತ್ತಿ ತೋರಿಸುತ್ತಾರೆ. ನಿಜ, ಅಷ್ಟು ದೊಡ್ಡ ಫಿರಂಗಿಗಳ ಆ ಹಡಗು ಮುಳುಗಿಸಿದ ಏಕೈಕ ಶತ್ರುನೌಕೆ ಅದು. ಆದರೆ ಅಲ್ಲಿಯೂ ಪಕ್ಕೆ ಸಿಕ್ಕಿದ್ದು ತೆಳ್ಳಗಿನ ಮೈಯ ಪುಟ್ಟ ನೌಕೆಯದು. ಬೇರೊಂದು ಹಡಗಿನತ್ತ ಟಾರ್ಪಿಡೊ ಬಿಟ್ಟು ಡ್ರೆಡ್‌ನಾಟ್‌ನ ಮುಂದೆ ಮೇಲೆದ್ದ ಅದಕ್ಕೆ ತಪ್ಪಿಸಿಕೊಳ್ಳುವಷ್ಟು ವೇಗವಿರಲಿಲ್ಲ.