ಕಚ್ಚಿದ ನಟ್ಟು, ಬಿಚ್ಚುವ ಗುಟ್ಟು

ತೀರ್ಥಹಳ್ಳಿ ಸೀಮೆಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ಕೊಟ್ಟಿಗೆಯ ಮೂಲೆಗೆ ಒರಗಿಸಿಟ್ಟ ಸೈಕಲ್ ಬಿಟ್ಟೀತೇ? ದೀಪಾವಳಿಯ ಹೊತ್ತಿಗೆ ಅದನ್ನು ಹೊರಗೆ ತಂದೆ. ಮುರಿದಿದ್ದ ಎಡಗಡೆಯ ಪೆಡಲು ಬದಲಿಸೋಣವೆಂದು ಸ್ಪ್ಯಾನರ್ ಹಾಕಿದರೆ ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರಿನ ಹಿಡಿಗೆ ನೀರಿನ ಪೈಪಿನ ತುಂಡು ಸಿಕ್ಕಿಸಿ ಮೈಭಾರವೆಲ್ಲ ಬಿಟ್ಟೆ. ಸ್ಪ್ಯಾನರ್ ಜಾರಿತು. ಬೆರಳಿನ ಗೆಣ್ಣು ಸಿಮೆಂಟು ನೆಲಕ್ಕೆ ಉಜ್ಜಿ ಚರ್ಮ ಕಿತ್ತು ಬಂತು, ಪೆಡಲು ಬರಲಿಲ್ಲ.

ಪೇಟೆಯ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಸಾಬರು ಮೊದಲು ನನ್ನ ಕೈ ನೋಡಿದರು, ಆಮೇಲೆ ಪೆಡಲು ನೋಡಿದರು. "ಎಡಗಡೆದು ಉಲ್ಟಾ ಥ್ರೆಡ್ ಮಾರಾಯ್ರೆ. ನೀವು ಇಷ್ಟೊತ್ತು ಬಿಗಿ ಮಾಡಿದ್ದು!"

ಕಚ್ಚಿಕೊಂಡ ಭಾಗಕ್ಕೆ ಕೈ ಹಾಕುವ ಮುಂಚೆ ಅದನ್ನು ಹಿಡಿದುಕೊಂಡಿರುವುದು ಏನು ಎಂದು ತಿಳಿಯಬೇಕು. ತುಕ್ಕೇ, ಬೆಣೆಯೇ, ಎರಡು ಲೋಹಗಳ ಜಗಳವೇ, ಅಥವಾ ನಮ್ಮದೇ ತಪ್ಪು ದಿಕ್ಕೇ? ಒಂದೊಂದಕ್ಕೂ ಮದ್ದು ಬೇರೆ. ಇದನ್ನು ಬಲ್ಲವರಿಗೆ ಮನೆಯ ಜಗಲಿಯೇ ವರ್ಕ್‌ಶಾಪು.

ದಿಕ್ಕಿನ ಲೆಕ್ಕ

ತುಳಿಯುವಾಗ ಪೆಡಲಿನ ಕಂಬಿಯ ಮೇಲೆ ಭಾರ ಬೀಳುವ ಜಾಗ ಸುತ್ತುತ್ತಲೇ ಇರುತ್ತದೆ. ಎರಡೂ ಬದಿಗೆ ಒಂದೇ ಬಗೆಯ ಥ್ರೆಡ್ ಇದ್ದರೆ ಈ ಸುತ್ತಾಟಕ್ಕೆ ಎಡಗಡೆಯ ಪೆಡಲು ತಾನಾಗಿ ಕಳಚಿಕೊಳ್ಳುತ್ತದೆ. ವಿಮಾನ ಹಾರಿಸುವ ಮೊದಲು ಅಮೆರಿಕದ ಡೇಟನ್‌ನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು, ಕಳಚಿಕೊಳ್ಳದ ಈ ಎಡ-ಬಲ ಥ್ರೆಡ್ಡಿನ ಪೆಡಲನ್ನು 1900ರಲ್ಲಿ ತಮ್ಮ ಸೈಕಲ್‌ಗಳ ಹೆಚ್ಚುಗಾರಿಕೆಯೆಂದು ಸಾರಿದ್ದರು. ನೆನಪಿಡಬೇಕಾದ್ದು ಇಷ್ಟೇ: 15 ಎಂಎಂ ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರಲಿ, ಅದನ್ನು ಹಿಂದಿನ ಗಾಲಿಯ ಕಡೆಗೆ ಎಳೆಯಿರಿ. ಎಡವಾಗಲಿ, ಬಲವಾಗಲಿ, ಪೆಡಲು ಬಿಚ್ಚುವುದು ಹೀಗೇ.

ತುಕ್ಕಿಗೆ ಒಂದು ರಾತ್ರಿ

ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತದೆ. ನಟ್ಟು-ಬೋಲ್ಟಿನ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅಲ್ಲಿ ಊದಿಕೊಂಡ ತುಕ್ಕೇ ನಟ್ಟನ್ನು ಕಚ್ಚಿ ಹಿಡಿಯುತ್ತದೆ. ತಂತಿ ಬ್ರಷ್ಷಿನಿಂದ ಮೇಲಿನ ತುಕ್ಕು ಉಜ್ಜಿ, ಸೀಮೆಎಣ್ಣೆಗೆ ಸ್ವಲ್ಪ ಮೆಷಿನ್ ಆಯಿಲ್ ಬೆರೆಸಿ ನಾಲ್ಕು ಹನಿ ಬಿಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತುಕ್ಕಿನಲ್ಲಿ ಬಿರುಕು ಬಿದ್ದು ಎಣ್ಣೆ ಒಳಗಿಳಿಯುತ್ತದೆ. ರಾತ್ರಿಯಿಡೀ ಬಿಟ್ಟುಬಿಡಿ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಅದೇ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಹುಟ್ಟಿದ್ದು 1953ರಲ್ಲಿ, ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕಾಗಿ. ಸೂತ್ರ ಕೈಗೂಡಿದ್ದು ನಲವತ್ತನೆಯ ಪ್ರಯತ್ನದಲ್ಲಿ, ಹೆಸರಿನ 40 ಅದೇ. ಯಾವ ಎಣ್ಣೆಯಾದರೂ ಬ್ರೇಕ್ ತಾಗುವ ರಿಮ್ಮಿಗೆ ಹಾರದಂತೆ ಬಟ್ಟೆ ಮುಚ್ಚಿ.

ಬೆಳಗ್ಗೆ ಮೊದಲು ಎಳ್ಳಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. 'ಟಕ್' ಎಂದು ಚೂಪಾದ ಸದ್ದಾದರೆ ಹಿಡಿತ ಬಿಟ್ಟಿತು. ತಿರುಗುತ್ತ ಮೆತ್ತಗಾದರೆ ನಿಲ್ಲಿಸಿ, ಬೋಲ್ಟು ಮುರಿಯುವ ಹಾದಿಯಲ್ಲಿದೆ.

ಬೆಣೆ, ಬಿಳಿ ಪುಡಿ

ಹಳೆಯ ದೊಡ್ಡ ಸೈಕಲ್ಲಿನ ಕ್ರ್ಯಾಂಕನ್ನು ಹಿಡಿದಿರುವುದು ಕಾಟರ್ ಪಿನ್ ಎಂಬ ಓರೆ ಬೆಣೆ. ಅದರ ನಟ್ಟನ್ನು ಪೂರ್ತಿ ತೆಗೆದು ಬಡಿದರೆ ಥ್ರೆಡ್ ಚಪ್ಪಟೆಯಾಗುತ್ತದೆ. ಪಿನ್ನಿನ ತುದಿಗೆ ಸಮನಾಗುವವರೆಗೆ ಮಾತ್ರ ನಟ್ಟನ್ನು ಸಡಿಲಿಸಬೇಕು. ಕ್ರ್ಯಾಂಕಿನ ಅಡಿಗೆ ಕಬ್ಬಿಣದ ಪೈಪಿನ ತುಂಡನ್ನು ನೆಟ್ಟಗೆ ಊರಿ, ಪಿನ್ನಿನ ದಪ್ಪ ತಲೆ ಪೈಪಿನ ತೂತಿಗೆ ಇಳಿಯುವಂತೆ ಹೊಂದಿಸಿ, ಮೇಲಿಂದ ಒಂದೇ ಗಟ್ಟಿ ಏಟು. ಪೈಪಿಲ್ಲದೆ ಬಡಿದರೆ ಆ ಪೆಟ್ಟು ತಿನ್ನುವುದು ಬೇರಿಂಗು.

ಈಗಿನ ಎಷ್ಟೋ ಸೈಕಲ್‌ಗಳಲ್ಲಿ ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಸೀಟ್ ಪೋಸ್ಟ್ ಇರುತ್ತದೆ. ನಡುವೆ ಮಳೆನೀರು ಇಳಿದರೆ ಎರಡು ಲೋಹ ಸೇರಿ ಪುಟ್ಟ ಬ್ಯಾಟರಿಯಾಗಿ, ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ತಂಪಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಹಾಗಾಗಿ ಕ್ಲ್ಯಾಂಪ್ ಸಡಿಲಿಸಿ, ಸಂದಿಗೆ ಎಣ್ಣೆ ಬಿಟ್ಟು ಒಂದೆರಡು ದಿನ ಬಿಡಿ. ಆಮೇಲೆ ಪೋಸ್ಟಿಗೆ ಐಸ್ ಕಟ್ಟಿ, ಸೀಟು ಹಿಡಿದು ಅತ್ತಿತ್ತ ತಿರುಚುತ್ತ ಮೇಲೆತ್ತಿ. ಎಣ್ಣೆ ಬಿಟ್ಟ ಜಾಗಕ್ಕೆ ಬೆಂಕಿ ಮಾತ್ರ ಹಿಡಿಯಬೇಡಿ.

ಅವತ್ತು ನನ್ನ ಪೆಡಲು ಸಾಬರ ಕೈಯಲ್ಲಿ ಎರಡೇ ಎಳೆತಕ್ಕೆ ಬಂತು. ಹೊಸದನ್ನು ಹಾಕುವ ಮುಂಚೆ ಅವರು ಡಬ್ಬಿಯಿಂದ ಬೆರಳಲ್ಲಿ ಗ್ರೀಸು ತೆಗೆದು ಥ್ರೆಡ್ಡಿಗೆಲ್ಲ ಸವರಿದರು. ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಿಸಿ, ಸಲೀಸಾಗಿ ಹೋಗುತ್ತದೆ ಎಂದು ಖಾತ್ರಿಯಾದ ಮೇಲೆ ಸ್ಪ್ಯಾನರ್ ಹಾಕಿದರು. "ಗ್ರೀಸ್ ಹಾಕಿದೀನಿ, ಇನ್ನು ಕಚ್ಚಲ್ಲ. ಮುಂದಿನ ಸಲ ನೀವೇ ಬಿಚ್ಚಿ" ಎಂದವರು, ಕೈ ಒರೆಸಿಕೊಳ್ಳುತ್ತ ಕೇಳಿದರು, "ಯಾವ ಕಡೆಗೆ?"

ಬಟ್ಟೆ ಸುತ್ತಿದ ಬೆರಳಿನಿಂದ ಹಿಂದಿನ ಗಾಲಿ ತೋರಿಸಿದೆ.